ಇಂಗ್ಲಿಷ್ ಕಲಿಯಲು ಎಷ್ಟು ದಿನ ಬೇಕು? ನಿಮ್ಮ ಲೆಕ್ಕ ನೀವೇ ಹಾಕಿಕೊಳ್ಳಿ

"ಅಕ್ಕೋರೇ, ಇಂಗ್ಲಿಷ್ ಬರೂಕೆ ಎಷ್ಟ್ ದಿನ ಬೇಕು?"

ಕುಮಟಾದ ನಮ್ಮ ಮನೆಯ ಜಗುಲಿಗೆ ಪಾಠಕ್ಕೆ ಬರುವವರು ಚಪ್ಪಲಿ ಬಿಡುತ್ತಲೇ ಇದನ್ನು ಕೇಳುತ್ತಾರೆ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದ ಮೇಲೆ ಸಂಜೆ ಹೊತ್ತು ದೊಡ್ಡವರಿಗೆ ಕಲಿಸುತ್ತಿದ್ದೇನೆ. ಬೋಟಿನ ಕೆಲಸದ ಹುಡುಗರು, ಅಂಗಡಿ ನಡೆಸುವವರು, ಮಗುವಿನ ಶಾಲೆ ಡೈರಿ ಓದಲು ಆಗದೆ ನೊಂದುಕೊಂಡ ತಾಯಂದಿರು ಬರುತ್ತಾರೆ. ಪ್ರಶ್ನೆ ಎಲ್ಲರದ್ದೂ ಒಂದೇ.

ಕೇಳಬೇಕಾದ ಪ್ರಶ್ನೆಯೇ. ಮನೆ ಕಟ್ಟುವವರು ಎಷ್ಟು ಚೀರೆಕಲ್ಲು ಬೇಕು ಎಂದು ಮೊದಲೇ ಕೇಳುತ್ತಾರೆ, ಅಲ್ವಾ? ಆದರೆ ಇಂಗ್ಲಿಷಿನ ವಿಷಯದಲ್ಲಿ ನಮ್ಮ ಜನರಿಗೆ ಸಿಗುವ ಉತ್ತರ ಎರಡೇ. ಒಂದು ಗೋಡೆಯ ಮೇಲಿನ ಬೋರ್ಡಿನದ್ದು: 30 ದಿನದಲ್ಲಿ ಇಂಗ್ಲಿಷ್. ಇನ್ನೊಂದು ಮನೆಯ ಹಿರಿಯರದ್ದು: ಸಣ್ಣವರಿದ್ದಾಗಲೇ ಕಲಿಯಬೇಕಿತ್ತು, ಇನ್ನೆಲ್ಲಿ ಬರುತ್ತದೆ.

ನನ್ನ ಅಣ್ಣನ ಮಗ ಬೋರ್ಡನ್ನು ನಂಬಿದ. ಒಂದು ಕೋಚಿಂಗ್ ಸೆಂಟರಿಗೆ ಫೀ ಕಟ್ಟಿ 30 ದಿನ, ದಿನಕ್ಕೊಂದು ಗಂಟೆ ಹೋದ. ಮರುವಾರ ಇಂಟರ್‌ವ್ಯೂನಲ್ಲಿ ಬಾಯಿ ತೆರೆಯಲಾಗದೆ ವಾಪಸ್ ಬಂದ. "ನನ್ನ ತಲೆಗೆ ಇದು ಹತ್ತುವುದಿಲ್ಲ ಅತ್ತೆ" ಎಂದ. ಅವನ ತಲೆ ಚೆನ್ನಾಗಿಯೇ ಇತ್ತು. ಅವನಿಗೆ ಬೇಕಿದ್ದದ್ದು ಸುಮಾರು 300 ಗಂಟೆ, ಸಿಕ್ಕಿದ್ದು 30 ಗಂಟೆ. ಇದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಇಂಗ್ಲಿಷ್ ಕೈಬಿಟ್ಟ ಎಷ್ಟೋ ಜನರನ್ನು ನೋಡಿದ್ದೇನೆ. ಬುದ್ಧಿ ಸಾಲದೆ ಬಿಟ್ಟವರು ಅವರಲ್ಲಿ ತೀರಾ ಕಡಿಮೆ. ಲೆಕ್ಕ ತಪ್ಪಿ ಬಿಟ್ಟವರೇ ಜಾಸ್ತಿ.

ಆ ಲೆಕ್ಕವನ್ನು ನೀವೇ ಹಾಕಿಕೊಳ್ಳಬಹುದು. ಒಂದು ನೋಟ್‌ಬುಕ್, ಪೆನ್ನು, ರೆಕಾರ್ಡ್ ಮಾಡುವ ಮೊಬೈಲ್ ಸಾಕು. ತಿಂಗಳು, ದಿನ ಎಂದು ಯೋಚಿಸುವುದನ್ನು ಸದ್ಯಕ್ಕೆ ಬಿಡಿ. ಗಂಟೆಯಲ್ಲಿ ಎಣಿಸೋಣ.

ಮೊದಲು: ಇಂಗ್ಲಿಷ್ ಯಾವ ಕೆಲಸಕ್ಕೆ ಎಂದು ಬರೆಯಿರಿ

"ಫ್ಲುಯೆಂಟ್ ಆಗಬೇಕು" ಎಂದು ಬರೆಯಬೇಡಿ. ಅದಕ್ಕೆ ಕೊನೆಯೇ ಇಲ್ಲ. ಯಾರ ಎದುರು, ಎಲ್ಲಿ, ಏನು ಮಾಡಬೇಕು ಎಂದು ಒಂದೇ ವಾಕ್ಯದಲ್ಲಿ ಬರೆಯಿರಿ. "ಯಾಣ ನೋಡಲು ಬಂದು ನಮ್ಮ ಹೋಮ್‌ಸ್ಟೇಯಲ್ಲಿ ಉಳಿಯುವವರ ಹತ್ತಿರ ಊಟ, ರೂಮು, ದಾರಿ, ದುಡ್ಡಿನ ವಿಷಯ ಮಾತಾಡಬೇಕು." "ಗೋವಾದ ಹೋಟೆಲಿನಲ್ಲಿ ರೂಮು ಗುಡಿಸುವ ಕೆಲಸದಿಂದ ರಿಸೆಪ್ಶನ್ ಕೆಲಸಕ್ಕೆ ಬರಬೇಕು." "ಬ್ರಿಟನ್ನಿನಲ್ಲಿ ನರ್ಸ್ ಆಗಬೇಕು." ಈ ಮೂರೂ ಇಂಗ್ಲಿಷೇ. ಆದರೆ ಮೂರಕ್ಕೆ ಬೇಕಾದ ಗಂಟೆಗಳ ನಡುವೆ ಅಜಗಜಾಂತರ.

ಭಾಷೆ ಎಷ್ಟು ಬರುತ್ತದೆ ಎಂದು ಅಳೆಯಲು ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಒಂದು ಏಣಿ ಪ್ರಕಟಿಸಿತು. ಎ1, ಎ2, ಬಿ1, ಬಿ2, ಸಿ1, ಸಿ2 ಎಂದು ಆರು ಮೆಟ್ಟಿಲು. ನಮ್ಮ ಕೆಲಸಗಳನ್ನೇ ಇಟ್ಟು ಹೇಳುತ್ತೇನೆ. ಎ1 ಎಂದರೆ ಹೆಸರು, ಊರು, ಬೆಲೆ ಹೇಳುವುದು. ಎ2 ಎಂದರೆ ಗೋಕರ್ಣದ ಅಂಗಡಿಯಲ್ಲಿ ಬೀಚಿಗೆ ಬಂದ ವಿದೇಶಿಯವರಿಗೆ ಸಾಮಾನು ಮಾರುವಷ್ಟು, ಬಸ್ಸು ಎಲ್ಲಿ ಸಿಗುತ್ತದೆ ಎಂದು ಹೇಳುವಷ್ಟು ಮಾತು. ಬಿ1ರಲ್ಲಿ ಏನಾದರೂ ಎಡವಟ್ಟಾದರೆ ಅದನ್ನು ವಿವರಿಸಲು ಬರುತ್ತದೆ: "ನೀರು ಬರುತ್ತಿಲ್ಲ, ಪ್ಲಂಬರ್ ನಾಲ್ಕು ಗಂಟೆಗೆ ಬರುತ್ತಾನೆ, ಅಲ್ಲಿಯವರೆಗೆ ಬೇರೆ ರೂಮು ಕೊಡುತ್ತೇವೆ." ಬಿ2ರಲ್ಲಿ ಆಫೀಸಿನ ಮೀಟಿಂಗಿನಲ್ಲಿ ವಾದ ಮಾಡಬಹುದು, ಪೇಪರ್ ಓದಬಹುದು. ಸಿ1 ಬಂದವರು ಓದು, ಉದ್ಯೋಗ ಎರಡನ್ನೂ ಇಂಗ್ಲಿಷಿನಲ್ಲೇ ನಡೆಸಬಲ್ಲರು. ಸಿ2 ನಮ್ಮಲ್ಲಿ ಹೆಚ್ಚಿನವರ ಕೆಲಸಕ್ಕೆ ಬೇಕಿಲ್ಲ.

ನೀವು ಬರೆದ ವಾಕ್ಯದ ಪಕ್ಕ ಇದರಲ್ಲಿ ಒಂದು ಮೆಟ್ಟಿಲು ಬರೆಯಿರಿ. ಅನುಮಾನ ಇದ್ದರೆ ಕೆಳಗಿನದನ್ನೇ ಆರಿಸಿ. ಅದನ್ನು ಮುಟ್ಟಿದ ಮೇಲೆ ಮುಂದಿನದು ಇದ್ದೇ ಇದೆ.

ಆಮೇಲೆ: ಈಗ ಎಲ್ಲಿದ್ದೀರಿ ಎಂದು ನೋಡಿ

"ನಂಗೆ ಏನೂ ಬರೋದಿಲ್ಲ" ಎನ್ನುವವರೇ ಹೆಚ್ಚು. ಇದು ನಿಜವಲ್ಲ. ಬಸ್ಸು, ಟಿಕೆಟ್, ಸೀಟು, ಬ್ಯಾಂಕು, ಲೋನು, ಫಾರ್ಮು, ಸಹಿಗೆ ಸೈನು, ಕರೆಂಟು, ಚಾರ್ಜು, ರೀಚಾರ್ಜು, ನೆಟ್‌ವರ್ಕು, ಅಡ್ಮಿಷನ್, ರಿಸಲ್ಟು. ಒಂದು ಸಂಜೆ ನನ್ನ ಜಗುಲಿಯಲ್ಲಿ ಕೂತವರಿಗೆ ಗೊತ್ತಿರುವ ಇಂಗ್ಲಿಷ್ ಪದ ಬರೆಯಿರಿ ಎಂದೆ. ಅಡುಗೆ ಮನೆಯಿಂದ ಶುರುವಾಗಿ ಬಸ್ ಸ್ಟ್ಯಾಂಡ್ ತಲುಪುವಷ್ಟರಲ್ಲಿ ಪಟ್ಟಿ ಇನ್ನೂರು ದಾಟಿತು. ಇನ್ನೊಂದು ಭಾಷೆಯವರು ಮೊದಲ ಎರಡು ತಿಂಗಳು ಉರು ಹೊಡೆಯುವುದನ್ನು ನಾವು ಬಳಸುತ್ತಲೇ ಬೆಳೆದಿದ್ದೇವೆ. ಅದರ ಜೊತೆ ಶಾಲೆಯ ಪಾಠ. ಹಿಂದೆ ಕನ್ನಡ ಶಾಲೆಯಲ್ಲಿ ಐದನೇ ತರಗತಿಯಿಂದ ಇಂಗ್ಲಿಷ್ ಇತ್ತು. 2007-08ರಿಂದ ಸರಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇದೆ. ಮರೆತಿರಬಹುದು, ಆದರೆ ಮರೆತದ್ದು ಹೊಸದಕ್ಕಿಂತ ಬೇಗ ಬರುತ್ತದೆ.

ನಿಂತ ಜಾಗ ತಿಳಿಯಲು ಮೂರು ಸಣ್ಣ ಪರೀಕ್ಷೆ ಮಾಡಿ. ಒಂದೇ ಸಂಜೆ ಮುಗಿಯುತ್ತದೆ.

ಓದುವುದಕ್ಕೆ: ಇಂಗ್ಲಿಷ್ ಪೇಪರಿನ ಮೊದಲ ಪುಟದ ಒಂದು ಸುದ್ದಿ ತೆಗೆದುಕೊಂಡು 100 ಪದ ಎಣಿಸಿ. ಗೊತ್ತಿಲ್ಲದ ಪದಕ್ಕೆ ಗೆರೆ ಎಳೆಯಿರಿ. ಗೆರೆ ಎರಡೇ ಬಂದರೆ ಓದು ಬಿ2 ಅಥವಾ ಮೇಲೆ. ಐದಾರು ಬಂದರೆ ಬಿ1ರ ಆಸುಪಾಸು. 20 ದಾಟಿದರೆ ಎ2 ಅಥವಾ ಕೆಳಗೆ.

ಮಾತಿಗೆ: ನಿನ್ನೆ ಬೆಳಿಗ್ಗೆಯಿಂದ ರಾತ್ರಿಯವರೆಗೆ ಏನು ಮಾಡಿದಿರಿ ಎಂದು ಎರಡು ನಿಮಿಷ ಮೊಬೈಲಿಗೆ ಹೇಳಿ. ತಯಾರಿ ಬೇಡ. ಕೇಳಿ ನೋಡಿ. ಅರ್ಧ ನಿಮಿಷದಲ್ಲೇ ನಿಂತುಹೋದರೆ ಎ1. ತಡವರಿಸುತ್ತಾ ಎರಡು ನಿಮಿಷ ಮುಗಿಸಿದರೆ ಎ2. ತಪ್ಪು ಇದ್ದರೂ ಕೇಳಿದವರಿಗೆ ಪೂರ್ತಿ ಕತೆ ತಿಳಿಯುವ ಹಾಗಿದ್ದರೆ ಬಿ1.

ಕೇಳುವುದಕ್ಕೆ: ಆಕಾಶವಾಣಿಯ ಇಂಗ್ಲಿಷ್ ವಾರ್ತೆ ಐದು ನಿಮಿಷ ಕೇಳಿ, ಮನೆಯವರಿಗೆ ಕನ್ನಡದಲ್ಲಿ ಹೇಳಿ. ಎಷ್ಟು ಸುದ್ದಿಯ ತಲೆಬುಡ ಸಿಕ್ಕಿತು ಎಂದು ಬರೆದಿಡಿ.

ಇವು ನಾನು ಬಳಸುವ ಅಂದಾಜಿನ ಅಳತೆಗಳು, ಸರ್ಟಿಫಿಕೇಟ್ ಪರೀಕ್ಷೆಯಲ್ಲ. ಮೂರರಲ್ಲೂ ಒಂದೇ ಉತ್ತರ ಬರಬೇಕೆಂದಿಲ್ಲ. ನಮ್ಮ ಕಡೆಯ ಕಾಲೇಜು ಮಕ್ಕಳ ಓದು ಬಿ1, ಮಾತು ಎ1 ಇರುವುದು ಮಾಮೂಲು. ನಿಮ್ಮ ಕೆಲಸಕ್ಕೆ ಯಾವುದು ಮುಖ್ಯವೋ ಅದರ ಮೆಟ್ಟಿಲನ್ನೇ ಲೆಕ್ಕಕ್ಕೆ ಹಿಡಿಯಿರಿ. ರೆಕಾರ್ಡಿಂಗಿಗೆ ತಾರೀಖು ಹಾಕಿ ಇಟ್ಟುಕೊಳ್ಳಿ. ಅಳಿಸಬೇಡಿ.

ಒಂದು ಮೆಟ್ಟಿಲಿಗೆ 300 ಗಂಟೆ

ಇದು ಇಡೀ ಲೆಕ್ಕದ ತಿರುಳು. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕೇಂಬ್ರಿಡ್ಜ್ ಇಂಗ್ಲಿಷ್ ಪರೀಕ್ಷೆಗಳನ್ನು ನಡೆಸುವ ಸಂಸ್ಥೆ ಒಂದು ಅಂದಾಜು ಕೊಡುತ್ತದೆ. ಏನೂ ಬಾರದವರು ಶಿಕ್ಷಕರ ಹತ್ತಿರ ಕಲಿತರೆ ಎ2ಕ್ಕೆ 180ರಿಂದ 200 ಗಂಟೆ, ಬಿ1ಕ್ಕೆ 350ರಿಂದ 400, ಬಿ2ಕ್ಕೆ 500ರಿಂದ 600, ಸಿ1ಕ್ಕೆ 700ರಿಂದ 800, ಸಿ2ಕ್ಕೆ 1000ದಿಂದ 1200. ಅಂದರೆ ಮೆಟ್ಟಿಲಿಗೆ ಹೆಚ್ಚುಕಡಿಮೆ 200 ಗಂಟೆ ಬಿತ್ತು. ಇದು ತರಗತಿಯ ಗಂಟೆ. ಮನೆಯಲ್ಲಿ ಮಾಡುವ ಅಭ್ಯಾಸ ಇದರಲ್ಲಿ ಸೇರಿಲ್ಲ.

ಇನ್ನೊಂದು ಅಂಕಿ ಅಮೆರಿಕದ್ದು. ಅಲ್ಲಿನ ಸರಕಾರ ತನ್ನ ರಾಯಭಾರ ಕಚೇರಿಯ ಅಧಿಕಾರಿಗಳಿಗೆ ಬೇರೆ ಬೇರೆ ಭಾಷೆ ಕಲಿಸುತ್ತದೆ. ಇಂಗ್ಲಿಷ್ ಮನೆಮಾತಿನವರು ಸ್ಪ್ಯಾನಿಷ್, ಫ್ರೆಂಚ್ ಚೆನ್ನಾಗಿ ಕಲಿಯಲು ಸುಮಾರು 600ರಿಂದ 750 ತರಗತಿ ಗಂಟೆ ಹಿಡಿಯುತ್ತದೆ. ಹಿಂದಿ, ತಮಿಳು, ತೆಲುಗಿಗೆ ಸುಮಾರು 1100. ಅದೇ ಜನ, ಅದೇ ಶಾಲೆ. ಆದರೂ ಇಷ್ಟು ವ್ಯತ್ಯಾಸ ಏಕೆ? ಸ್ಪ್ಯಾನಿಷ್ ಅವರಿಗೆ ನೆರೆಮನೆ, ತೆಲುಗು ಘಟ್ಟದಾಚೆಯ ಊರು. ಕನ್ನಡವೂ ತೆಲುಗಿನ ಬಳಗವೇ. ಅವರಿಗೆ ನಮ್ಮ ಕಡೆ ಬರಲು ದೂರ ಎಂದರೆ ನಮಗೂ ಅಲ್ಲಿಗೆ ಹೋಗಲು ದೂರವೇ.

ಹಾಗಾಗಿ ನಾನು 200 ಗಂಟೆಗೆ ಇನ್ನರ್ಧ ಸೇರಿಸಿ ಮೆಟ್ಟಿಲಿಗೆ 300 ಗಂಟೆ ಹಿಡಿಯುತ್ತೇನೆ. ಶೂನ್ಯದಿಂದ ಎ2ಕ್ಕೆ 300. ಎ2ದಿಂದ ಬಿ1ಕ್ಕೆ 300. ಬಿ1ರಿಂದ ಬಿ2ಕ್ಕೆ 300. ಅಲ್ಲಿಂದ ಸಿ1ಕ್ಕೆ ಇನ್ನೂ 300. ಇದರಲ್ಲಿ ಪಾಠವೂ ಬಂತು, ಒಬ್ಬರೇ ಕೂತು ಮಾಡುವ ಅಭ್ಯಾಸವೂ ಬಂತು. ಕೆಲವರಿಗೆ 220 ಗಂಟೆಯಲ್ಲೇ ಆಗುತ್ತದೆ, ಕೆಲವರಿಗೆ 400 ಬೇಕು. ಆದರೂ ಶುರು ಮಾಡಲು ಕೈಯಲ್ಲಿ ಒಂದು ಅಂಕಿ ಬೇಕು, ಅದು 300. ಎ1 ಮುಟ್ಟಿದವರು ಮೊದಲ ಮೆಟ್ಟಿಲಿನ ಅರ್ಧ ದಾರಿ, ಅಂದರೆ 150 ಗಂಟೆ, ಬಂದಾಗಿದೆ ಎಂದು ತಿಳಿಯಿರಿ.

ಈಗ ಬೋರ್ಡಿನ 30 ದಿನವನ್ನು ಮತ್ತೆ ನೋಡಿ. ದಿನಕ್ಕೊಂದು ಗಂಟೆಯಂತೆ 30 ಗಂಟೆ. ಮೆಟ್ಟಿಲಿನ ಹತ್ತನೇ ಒಂದು ಪಾಲು. ಅದರಲ್ಲೂ 20 ಜನರ ತರಗತಿಯಲ್ಲಿ ಪೂರ್ತಿ ಗಂಟೆ ಮಾತಿಗೇ ಕೊಟ್ಟರೂ ಒಬ್ಬರ ಪಾಲಿಗೆ ಬರುವುದು ಮೂರು ನಿಮಿಷ. ಎಲ್ಲಿಯಾದರೂ ಫೀ ಕಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿ: ಒಂದು ತರಗತಿಯಲ್ಲಿ ನಾನು ಎಷ್ಟು ನಿಮಿಷ ಮಾತಾಡುತ್ತೇನೆ?

ಆ ಗಂಟೆಗಳು ಎಲ್ಲಿ ಹೋಗುತ್ತವೆ

ಕನ್ನಡದವರಿಗೆ ಎಲ್ಲಿ ಹೊತ್ತು ಹಿಡಿಯುತ್ತದೆ ಎಂದು ಗೊತ್ತಿದ್ದರೆ ಗಾಬರಿ ಕಡಿಮೆ.

"ನಿನ್ನೆ ಗೋಕರ್ಣದಲ್ಲಿ ಕೊಂಡ ಚೀಲ" ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಅದು "ದ ಬ್ಯಾಗ್ ಐ ಬಾಟ್ ಇನ್ ಗೋಕರ್ಣ ಯೆಸ್ಟರ್‌ಡೇ". ಒಂದೊಂದೇ ಪದ ಹಿಡಿದು ನೋಡಿ. ನಮ್ಮ ಸಾಲಿನ ಕೊನೆಯ ಪದ ಅಲ್ಲಿ ಮೊದಲಿಗೆ, ಮೊದಲನೆಯದು ಕೊನೆಗೆ. ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿ ನಿಂತಿದೆ. ಗೋಕರ್ಣ"ದಲ್ಲಿ" ಎಂದು ಹಿಂದೆ ಅಂಟುವ ತುಂಡು ಕೂಡ ಅಲ್ಲಿ "ಇನ್" ಆಗಿ ಮುಂದೆ ಬಂದಿದೆ. ಕನ್ನಡದಲ್ಲಿ ವಾಕ್ಯ ಕಟ್ಟಿ ಆಮೇಲೆ ಬದಲಾಯಿಸುತ್ತೇನೆ ಎಂದರೆ ಪ್ರತಿ ಸಾರಿ ತಲೆಕೆಳಗು ಮಾಡಬೇಕು. ಮಾತು ತಡವರಿಸುವುದು ಇಲ್ಲಿಯೇ. ಇದಕ್ಕೆ ಔಷಧ ಒಂದೇ. ಸಣ್ಣ ವಾಕ್ಯಗಳನ್ನು ಇಡಿಯಾಗಿ, ಬಾಯಿಗೆ ತಾನಾಗಿ ಬರುವವರೆಗೆ ನೂರಾರು ಸಲ ಹೇಳುವುದು. ಮೊದಲ ಮೆಟ್ಟಿಲಿನ ಬಹಳಷ್ಟು ಗಂಟೆ ಇದಕ್ಕೇ ಹೋಗುತ್ತದೆ. ಹೋಗಲಿ. ಅದು ದಂಡವಲ್ಲ.

ಇನ್ನೊಂದು "ನನಗೆ". ನನಗೆ ಗೊತ್ತು, ನನಗೆ ಬೇಕು, ನನಗೆ ಹಸಿವಾಗಿದೆ, ನನಗೆ ಜ್ವರ ಬಂದಿದೆ. ನಮ್ಮ ಭಾಷೆಯಲ್ಲಿ ಹಸಿವು, ಜ್ವರ, ಆಸೆ ಎಲ್ಲವೂ ನಮ್ಮ ಹತ್ತಿರ ಬರುತ್ತವೆ. ಇಂಗ್ಲಿಷಿನಲ್ಲಿ ಎಲ್ಲದಕ್ಕೂ "ಐ" ಮುಂದೆ ನಿಲ್ಲುತ್ತದೆ: ಐ ನೋ, ಐ ವಾಂಟ್, ಐ ಆಮ್ ಹಂಗ್ರಿ, ಐ ಹ್ಯಾವ್ ಅ ಫೀವರ್. ಮನೆಯಲ್ಲಿ ಕೊಂಕಣಿ ಆಡುವ ಕಾರವಾರದವರಿಗೂ ಇದೇ ತೊಂದರೆ. "ಮಾಕಾ ಜಾಯ್" ಎನ್ನುವುದು "ನನಗೆ ಬೇಕು" ಎನ್ನುವುದರ ಅಚ್ಚು ತಾನೇ. ಇಂಥ "ನನಗೆ" ವಾಕ್ಯ 30 ಬರೆದು, ಪಕ್ಕದಲ್ಲಿ "ಐ" ವಾಕ್ಯ ಬರೆದುಕೊಳ್ಳಿ. ಹತ್ತು ಗಂಟೆಯ ಕೆಲಸ. ಇಷ್ಟು ಕಡಿಮೆ ಹೊತ್ತಿನಲ್ಲಿ ಇಷ್ಟು ಲಾಭ ಬೇರೆಲ್ಲೂ ಸಿಗುವುದಿಲ್ಲ.

ಕೇಳುವುದರಲ್ಲಿ ಸಿಕ್ಕಿಬೀಳುವ ಜಾಗ ಬೇರೆ. ನಾವು ಎಲ್ಲ ಅಕ್ಷರವನ್ನೂ ತುಂಬಿ ಹೇಳುವವರು. ಬಸ್ ಎನ್ನುವುದನ್ನೇ ಬಸ್ಸು ಎಂದು ಕೊನೆಗೆ ಸ್ವರ ಹಾಕಿ ಹೇಳುತ್ತೇವೆ. ಇಂಗ್ಲಿಷ್ ಮನೆಮಾತಿನವರು ಒತ್ತು ಇಲ್ಲದ ಭಾಗವನ್ನು ನುಂಗುತ್ತಾರೆ. ನಾವು "ವೆಜಿಟೇಬಲ್" ಎಂದು ಕಾಯುತ್ತಿರುತ್ತೇವೆ, ಅವರು "ವೆಜ್‌ಟಬಲ್" ಎಂದು ದಾಟಿಹೋಗಿರುತ್ತಾರೆ. ಗೊತ್ತಿದ್ದ ಪದವೂ ಕಿವಿಗೆ ಸಿಗುವುದಿಲ್ಲ. ಕಿವಿ ಪಳಗಲು ಹೊತ್ತು ಬೇಕು.

"ಅ" ಮತ್ತು "ದ" ಎಲ್ಲಿ ಹಾಕಬೇಕು ಎಂಬ ಚಿಂತೆಯನ್ನು ಬಿ1ವರೆಗೆ ಬದಿಗಿಡಿ. ತಪ್ಪಿದರೂ ಎದುರಿನವರಿಗೆ ಅರ್ಥವಾಗುತ್ತದೆ.

ನಿಮ್ಮ ವಾರದಲ್ಲಿ ನಿಜವಾಗಿ ಎಷ್ಟು ಗಂಟೆ ಇದೆ?

"ದಿನಾ ಎರಡು ಗಂಟೆ ಓದುತ್ತೇನೆ" ಎಂದವರು ಮೂರನೇ ವಾರ ಮಾಯವಾಗುತ್ತಾರೆ. ಆಸೆಯನ್ನು ಬರೆಯಬೇಡಿ. ಒಂದು ವಾರ ಸುಮ್ನೆ ನಿಮ್ಮ ದಿನವನ್ನು ಗಮನಿಸಿ, ಎಲ್ಲಿ ಹೊತ್ತು ಸಿಗುತ್ತದೆ ಎಂದು ಗುರುತು ಹಾಕಿ.

ಆ ಹೊತ್ತು ಎರಡು ಬಗೆ. ಬಾಯಿ, ಕಣ್ಣು, ಕೈ ಮೂರೂ ಇಂಗ್ಲಿಷಿನ ಮೇಲಿರುವುದು ಒಂದು. ಅದನ್ನು ಪೂರ್ತಿ ಗಂಟೆ ಎಂದು ಎಣಿಸಿ. ಕೈ ಬೇರೆ ಕೆಲಸದಲ್ಲಿದ್ದು ಕಿವಿ ಮಾತ್ರ ಬಿಡುವಾಗಿರುವುದು ಇನ್ನೊಂದು. ಅದನ್ನು ಅರ್ಧ ಎಂದು ಎಣಿಸಿ. ಅರ್ಧದ ಗಂಟೆಗಳ ಮೊತ್ತ ಪೂರ್ತಿ ಗಂಟೆಗಳ ಮೊತ್ತವನ್ನು ಮೀರಬಾರದು. ಬರೀ ಕೇಳಿದರೆ ಬಾಯಿ ಬಿಚ್ಚುವುದಿಲ್ಲ. ಕನ್ನಡ ಸಬ್‌ಟೈಟಲ್ ಹಾಕಿಕೊಂಡು ನೋಡಿದ ಇಂಗ್ಲಿಷ್ ಸಿನಿಮಾವನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಇಂಥ ಅರ್ಧ ಗಂಟೆಗಳು ಬೇಕಾದಷ್ಟಿವೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಕೊಯ್ಲಿನ ದಿನಗಳಲ್ಲಿ ಮೆಟ್ಟುಗತ್ತಿಯ ಮೇಲೆ ಕೂತು ಅಡಿಕೆ ಸುಲಿಯುವಾಗ ಕೈ ತಾನಾಗಿ ನಡೆಯುತ್ತದೆ. ಕಿವಿ ಖಾಲಿ. ಕಾರವಾರದಿಂದ ಮಡಗಾಂವ್‌ಗೆ ರೈಲಿನಲ್ಲಿ ಕೆಲಸಕ್ಕೆ ಹೋಗಿಬರುವವರಿಗೆ ದಿನಾ ಎರಡು ಹೊತ್ತು ಸಿಗುತ್ತದೆ. ದೇವಿಮನೆ ಘಟ್ಟ ಇಳಿಯುವ ಬಸ್ಸಿನಲ್ಲಿ ಓದಲು ಹೋದರೆ ತಲೆ ತಿರುಗುತ್ತದೆ, ಕೇಳುವುದೇ ಒಳ್ಳೆಯದು. ಮಳೆಗಾಲಕ್ಕೆ ಮೊದಲೇ ಪಾಠಗಳನ್ನು ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ. ಗಾಳಿ ಮಳೆಗೆ ಕರೆಂಟು, ನೆಟ್‌ವರ್ಕು ಎರಡೂ ಹೋದರೆ ವಾರದ ಲೆಕ್ಕ ಅಲ್ಲೇ ಕೆಡುತ್ತದೆ.

ವರ್ಷದ ಎಲ್ಲ ವಾರವೂ ಒಂದೇ ಥರ ಇರುವುದಿಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟಿನ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಕಾಲ ಬೇರೆ ಇಲ್ಲ. ಬಲೆ ಸರಿಪಡಿಸುವ ಕೆಲಸ ಇದ್ದರೂ ದಿನಕ್ಕೆ ಎರಡು ಗಂಟೆ ಕೂತರೆ 120 ಗಂಟೆ ಆಯಿತು, ಮೆಟ್ಟಿಲಿನ ಮೂರನೇ ಒಂದು ಪಾಲಿಗಿಂತ ಜಾಸ್ತಿ. ಅದೇ ಹೊತ್ತಿಗೆ ಘಟ್ಟದ ಮೇಲಿನ ತೋಟದವರಿಗೆ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸುವ ಗಡಿಬಿಡಿ. ಮಾರಿಕಾಂಬಾ ಜಾತ್ರೆ ಬರುವ ವರ್ಷ ಶಿರಸಿಯವರು ಆ ದಿನಗಳಲ್ಲಿ ಓದುತ್ತೇನೆ ಎಂದು ಬರೆಯುವುದೇ ಬೇಡ. ಮನೆಗೆ ನೆಂಟರು, ಮದುವೆ, ಜ್ವರ ಎಲ್ಲ ಸೇರಿ ಐದು ವಾರಕ್ಕೆ ಒಂದು ವಾರ ಹೋಗಿಯೇ ಹೋಗುತ್ತದೆ. ಹಾಗಾಗಿ ಬಂದ ಉತ್ತರಕ್ಕೆ ಕಾಲು ಭಾಗ ಸೇರಿಸಿ.

ಮೂರು ಜನರ ಲೆಕ್ಕ

ಮೊದಲೇ ಹೇಳಿದ ಮೂವರನ್ನು ತೆಗೆದುಕೊಳ್ಳೋಣ.

ಹೋಮ್‌ಸ್ಟೇ ನಡೆಸುವ ಹೆಣ್ಣುಮಗಳು ಎಸ್ಸೆಸ್ಸೆಲ್ಸಿ ಮುಗಿಸಿ ಬಹಳ ವರ್ಷವಾಗಿದೆ. ಮಾತು ಎ1. ಬೇಕಾದದ್ದು ಎ2. ಉಳಿದದ್ದು 150 ಗಂಟೆ. ಮಕ್ಕಳು ಮಲಗಿದ ಮೇಲೆ ವಾರಕ್ಕೆ ಐದು ದಿನ 20 ನಿಮಿಷ ಸಿಗುತ್ತದೆ, ಒಟ್ಟು 100 ನಿಮಿಷ. ಕೆಲಸದ ನಡುವೆ ಎಷ್ಟು ಕೇಳಿದರೂ ನಮ್ಮ ನಿಯಮದ ಪ್ರಕಾರ ಇನ್ನು 100 ನಿಮಿಷ ಮಾತ್ರ ಸೇರುತ್ತದೆ. ವಾರಕ್ಕೆ ಮೂರು ಗಂಟೆ 20 ನಿಮಿಷ. 150 ಗಂಟೆಗೆ 45 ವಾರ. ಕಾಲು ಭಾಗ ಸೇರಿಸಿದರೆ 56 ವಾರ. ಈ ವರ್ಷದ ಅಡಿಕೆ ಕೊಯ್ಲಿಗೆ ಶುರು ಮಾಡಿದರೆ ಮುಂದಿನ ಕೊಯ್ಲಿನ ಹೊತ್ತಿಗೆ ಅತಿಥಿಗಳ ಜೊತೆ ತಾನೇ ಮಾತಾಡುತ್ತಾಳೆ.

ಗೋವಾದ ಹುಡುಗ ಪಿಯುಸಿ ಓದಿದವ. ಎ2 ಇದೆ, ಬಿ1 ಬೇಕು. 300 ಗಂಟೆ. ರೈಲಿನಲ್ಲಿ ಗದ್ದಲ ಬಿಟ್ಟು ಹೋಗಲು ಬರಲು 40 ನಿಮಿಷದಂತೆ ಆರು ದಿನಕ್ಕೆ ಎಂಟು ಗಂಟೆ ಇಯರ್‌ಫೋನ್ ಹಾಕಿ ಕೇಳುತ್ತಾನೆ. ಎಣಿಕೆಗೆ ನಾಲ್ಕು. ರಾತ್ರಿ ನಾಲ್ಕು ದಿನ ಅರ್ಧ ಗಂಟೆ ಓದು ಬರಹ, ಭಾನುವಾರ ಗೆಳೆಯನ ಜೊತೆ ಎರಡು ಗಂಟೆ ಇಂಗ್ಲಿಷ್ ಮಾತು. ಅದು ನಾಲ್ಕು. ವಾರಕ್ಕೆ ಎಂಟು ಗಂಟೆಯಂತೆ 38 ವಾರ, ರಜೆ ಸೇರಿ 47 ವಾರ.

ಹೊನ್ನಾವರದ ನರ್ಸಿಂಗ್ ಹುಡುಗಿಯ ದಾರಿ ಉದ್ದ. ಬ್ರಿಟನ್ನಿನಲ್ಲಿ ನರ್ಸ್ ಆಗಿ ಹೆಸರು ನೋಂದಾಯಿಸಲು ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಬರೆಯುವವರು ಓದು, ಕೇಳು, ಮಾತು ಮೂರರಲ್ಲೂ 7, ಬರಹದಲ್ಲಿ 6.5 ಅಂಕ ಪಡೆಯಬೇಕು. ಇದು ಸಿ1ರ ಬಾಗಿಲು. ಅವಳು ಬಿ1ರಲ್ಲಿದ್ದರೆ ಎರಡು ಮೆಟ್ಟಿಲು, 600 ಗಂಟೆ. ದಿನಕ್ಕೆ ಒಂದೂವರೆ ಗಂಟೆಯಂತೆ ಆರು ದಿನ ಕೂತರೆ 67 ವಾರ, ರಜೆ ಸೇರಿ 84 ವಾರ. ಒಂದೂವರೆ ವರ್ಷಕ್ಕೆ ಸ್ವಲ್ಪ ಮೇಲೆ. ಈ ಪರೀಕ್ಷೆಯ ಫಲಿತಾಂಶಕ್ಕೆ ಎರಡು ವರ್ಷ ಮಾತ್ರ ಬೆಲೆ. "ಹೇಗಿದೆ ನೋಡೋಣ" ಎಂದು ಮೊದಲೇ ಬರೆದು ದುಡ್ಡು ಕಳೆಯಬೇಡಿ. ಮನೆಯಲ್ಲಿ ಮಾದರಿ ಪರೀಕ್ಷೆಯಲ್ಲಿ ಅಂಕ ಬರತೊಡಗಿದ ಮೇಲೆ ಬರೆಯಿರಿ.

ಈಗ ನಿಮ್ಮ ವೇಗ ಅಳೆಯಿರಿ

ಇಲ್ಲಿಯವರೆಗಿನದು ಸರಾಸರಿ ಲೆಕ್ಕ. ನಿಮ್ಮದು ಗೊತ್ತಾಗಬೇಕಾದರೆ ಐದಾರು ವಾರ ಕೊಡಿ. ಹತ್ತು ದಿನ, ದಿನಕ್ಕೆ ಹತ್ತು ಹೊಸ ಪದ, ಪ್ರತಿಯೊಂದನ್ನೂ ಒಂದು ವಾಕ್ಯದಲ್ಲಿ ಕಲಿಯಿರಿ. ಆಮೇಲೆ ಒಂದು ವಾರ ಆ ನೋಟ್‌ಬುಕ್ ಮುಟ್ಟಬೇಡಿ. ಎಂಟನೇ ದಿನ ನೂರರಲ್ಲಿ ಎಷ್ಟು ಉಳಿದಿವೆ ಎಂದು ನೋಡಿ.

30 ಉಳಿದರೆ ಬೇಸರ ಬೇಡ. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸರು ತಮ್ಮ ಮೇಲೆಯೇ ಪ್ರಯೋಗ ಮಾಡಿ 1885ರಲ್ಲೇ ತೋರಿಸಿದ್ದು ಇದನ್ನೇ. ಕಲಿತದ್ದರಲ್ಲಿ ಹೆಚ್ಚಿನದು ಮೊದಲ ಒಂದೆರಡು ದಿನದಲ್ಲೇ ಜಾರಿಹೋಗುತ್ತದೆ, ಆಮೇಲೆ ಜಾರುವುದು ನಿಧಾನ. ಹಾಗಾಗಿ ಅದೇ ಪರೀಕ್ಷೆಯನ್ನು ಹೊಸ ಪದಗಳೊಂದಿಗೆ ಮತ್ತೆ ಮಾಡಿ. ಈ ಸಲ ಕಲಿತ ಮರುದಿನ, ಮೂರನೇ ದಿನ, ಏಳನೇ ದಿನ ಒಮ್ಮೊಮ್ಮೆ ಕಣ್ಣಾಡಿಸಿ. ಉಳಿಯುವ ಪದ ಏರುವುದನ್ನು ನೀವೇ ನೋಡುತ್ತೀರಿ. ಈ ಎರಡನೇ ಅಂಕಿಯೇ ನಿಮ್ಮ ವೇಗ.

ಅದನ್ನು ಇಟ್ಟುಕೊಂಡು ಗಂಟೆಯ ಲೆಕ್ಕವನ್ನು ಒರೆಗೆ ಹಚ್ಚಬಹುದು. ಪದಗಳನ್ನು ಎಣಿಸುವಾಗ ಟೀಚ್, ಟೀಚರ್, ಟೀಚಿಂಗ್ ಎಲ್ಲ ಸೇರಿ ಒಂದು ಕುಟುಂಬ ಎಂದು ಹಿಡಿಯುತ್ತಾರೆ. ತೀರಾ ಬಳಕೆಯ 2000 ಕುಟುಂಬ ಬಂದರೆ ಸಾಮಾನ್ಯ ಬರಹದ ಹತ್ತರಲ್ಲಿ ಎಂಟು ಪದ ಗೊತ್ತಿದ್ದಂತೆ. ನ್ಯೂಜಿಲೆಂಡಿನ ಪಾಲ್ ನೇಷನ್ 2006ರಲ್ಲಿ ಹಾಕಿದ ಲೆಕ್ಕದ ಪ್ರಕಾರ ಪೇಪರು, ಕಾದಂಬರಿಗಳನ್ನು ನೂರಕ್ಕೆ 98 ಪದ ಗೊತ್ತಿದ್ದು ಓದಬೇಕಾದರೆ 8000ದಿಂದ 9000 ಕುಟುಂಬ ಬೇಕು. ಮಾತು ಕೇಳಿ ತಿಳಿಯಲು 6000ದಿಂದ 7000. ವಾರಕ್ಕೆ 50 ಪದ ಕಲಿತು 30 ಉಳಿಸಿಕೊಳ್ಳುವವರಿಗೆ 47 ವಾರದಲ್ಲಿ 1400 ಪದ ಸೇರುತ್ತದೆ. ಈಗಾಗಲೇ 700 ಗೊತ್ತಿದ್ದವರು 2000 ದಾಟುತ್ತಾರೆ. ಬಿ1ರ ಮಾತಿಗೆ ಇಷ್ಟು ಸಾಕೆಂದು ನಾನು ಹಿಡಿಯುತ್ತೇನೆ, ಹಾಗಾಗಿ ಗೋವಾದ ಹುಡುಗನ ಅಂದಾಜು ಸರಿ ಬಂತು. 15 ಮಾತ್ರ ಉಳಿದರೆ? ಆಗ ಪದಗಳ ಲೆಕ್ಕವೇ ಉದ್ದ ಬರುತ್ತದೆ. ಎರಡರಲ್ಲಿ ಉದ್ದವಾದುದನ್ನೇ ನಂಬಿ.

ನಿಧಾನವಾದ ಹಾಗೆ ಅನ್ನಿಸುವ ಕಾಲ ಬಂದೇ ಬರುತ್ತದೆ. ಹೆಚ್ಚಿನವರಿಗೆ ಬಿ1 ಮುಟ್ಟಿದ ಮೇಲೆ. "ಮೊದಲು ದಿನಾ ಹೊಸದು ಬರುತ್ತಿತ್ತು, ಈಗ ಎರಡು ತಿಂಗಳಿಂದ ಅಲ್ಲೇ ಇದ್ದೇನೆ ಅಕ್ಕೋರೇ" ಎಂದು ಬಂದು ಕೂರುತ್ತಾರೆ. ಕಾರಣ ಸರಳ. ಮೊದಲು ಕಲಿತ ಸಾವಿರ ಪದ ಪ್ರತಿ ಸಾಲಿನಲ್ಲೂ ಎದುರಾಗುತ್ತವೆ, ಕಲಿತದ್ದು ತಕ್ಷಣ ಕೆಲಸಕ್ಕೆ ಬರುತ್ತದೆ. ಐದನೇ ಸಾವಿರದ ಪದ ಎಷ್ಟೋ ಪುಟಕ್ಕೆ ಒಮ್ಮೆ ಸಿಗುತ್ತದೆ. ನೀವು ಅಷ್ಟೇ ಕಲಿಯುತ್ತಿದ್ದೀರಿ, ಕಣ್ಣಿಗೆ ಕಾಣುವುದು ಕಡಿಮೆ. ಈ ಹೊತ್ತಿನಲ್ಲಿ ಲೆಕ್ಕ ಬದಲಾಯಿಸಬೇಡಿ. ಓದುವುದನ್ನು ಜಾಸ್ತಿ ಮಾಡಿ. ಅಪರೂಪದ ಪದಗಳು ಸಿಗುವುದು ಅಲ್ಲಿಯೇ.

ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುವುದು

ಒಂದೇ ತಾರೀಖು ಬರೆಯಬೇಡಿ. ಎರಡು ಬರೆಯಿರಿ. ಎಲ್ಲವೂ ಸುಸೂತ್ರ ಆದರೆ ಮುಗಿಯುವ ತಿಂಗಳು, ಕಾಲು ಭಾಗ ಸೇರಿಸಿದಾಗ ಮುಗಿಯುವ ತಿಂಗಳು. ಗೋವಾದ ಹುಡುಗ "ಒಂಬತ್ತರಿಂದ ಹನ್ನೊಂದು ತಿಂಗಳು" ಎಂದು ಬರೆಯುತ್ತಾನೆ. ದಿನಾ ಕಲಿತ ನಿಮಿಷಗಳನ್ನು ಅಂದಂದಿನ ಚೌಕದಲ್ಲಿ ಬರೆಯಿರಿ. ಕೂತಿಲ್ಲದ ದಿನ ಸೊನ್ನೆ ಹಾಕಿ, ಖಾಲಿ ಬಿಡಬೇಡಿ.

50 ಗಂಟೆ ತುಂಬಿದಾಗಲೆಲ್ಲ ಅದೇ ಎರಡು ನಿಮಿಷದ ರೆಕಾರ್ಡಿಂಗ್ ಮತ್ತೆ ಮಾಡಿ. ಅದೇ ಪ್ರಶ್ನೆ: ನಿನ್ನೆ ಏನು ಮಾಡಿದಿರಿ? ಹಳೆಯದನ್ನು ಮೊದಲು ಕೇಳಿ, ಆಮೇಲೆ ಹೊಸದನ್ನು. 100 ಗಂಟೆಯಾದರೂ ಎರಡರ ನಡುವೆ ಫರಕು ಕಾಣದಿದ್ದರೆ ಗಂಟೆ ಹೆಚ್ಚಿಸುವ ಮೊದಲು ಗಂಟೆಯೊಳಗೆ ಏನು ಮಾಡುತ್ತಿದ್ದೀರಿ ಎಂದು ನೋಡಿ. ಹೆಚ್ಚಿನ ಸಲ ಬಾಯಿ ತೆರೆಯುವ ಅಭ್ಯಾಸವೇ ಬಿಟ್ಟುಹೋಗಿರುತ್ತದೆ.

ನನ್ನ ಅಣ್ಣನ ಮಗ ಈಗ ಹೀಗೆ ಲೆಕ್ಕ ಇಟ್ಟು ಕಲಿಯುತ್ತಿದ್ದಾನೆ. ಕಳೆದ ತಿಂಗಳು 150 ಗಂಟೆ ತುಂಬಿತು. ಮೊದಲ ರೆಕಾರ್ಡಿಂಗ್ 25 ಸೆಕೆಂಡಿಗೆ ನಿಂತಿತ್ತು. ನಾಲ್ಕನೆಯದರಲ್ಲಿ ಅವನು ಅಂಕೋಲಾದ ಬಸ್ಸು ತಪ್ಪಿಸಿಕೊಂಡ ಕತೆಯನ್ನು ಎರಡು ನಿಮಿಷ ಪೂರ್ತಿ ಹೇಳಿದ್ದಾನೆ, ಮೂರು ಕಡೆ ನಿಂತು, ಎರಡು ಕಡೆ "ಅದೇ" ಎಂದು ಕನ್ನಡ ಸೇರಿಸಿ. ಕ್ಯಾಲೆಂಡರಿನಲ್ಲಿ ಇನ್ನೂ 150 ಬಾಕಿ ಇದೆ.